ಧರೆ ಮೇಲೆ ಗೌರಿ ಹೂ ಬಂತು

ಈ ಸಲ ಗೌರಿ ಹಬ್ಬಕ್ಕೆ ಗೌರಿ ಹೂ, ಅಂದರೆ ಅಗ್ನಿಶಿಖೆ ಬಳ್ಳಿಯ ಹೂ ಹುಡುಕಿಕೊಂಡು ಕಾಡಿಗೆ ಹೋಗಲಿಲ್ಲ. ಮನೆ ಹಿಂದಿನ ಧರೆ (ಗುಡ್ಡದ ಕಡಿದಾದ ಅಂಚು) ಮೇಲೇ ನೂರರ ಹತ್ತಿರ ಹೂ ಇದ್ದವು. "ಅದು ಕಾಡಿನ ಗೆಡ್ಡೆ ಮಾರಾಯ, ನೆಟ್ಟರೆ ಬರೋದಲ್ಲ" ಅಂತ ಐದು ವರ್ಷದಿಂದ ಹೇಳುತ್ತಿದ್ದ ಪಕ್ಕದ ತೋಟದ ಅಣ್ಣನೇ ಬಂದು ನಾಲ್ಕು ಹೂ ಕೊಯ್ದುಕೊಂಡು ಹೋದರು. ನನಗೆ ಅಷ್ಟು ಸಾಕಾಯ್ತು.

ಮೊದಲ ವರ್ಷ 5 ಕೆಜಿ ಗೆಡ್ಡೆ ತರಿಸಿದ್ದೆ. ಸಾಗಾಟ ಸೇರಿ 2,500 ರೂಪಾಯಿ ಆಗಿರಬೇಕು. ಅಡಿಕೆ ತೋಟದ ಅಂಚಿಗೆ ಗೊಬ್ಬರ ಕೊಟ್ಟು ನೆಟ್ಟೆ. ಆಷಾಢದ ಮಳೆಗೆ ಎಲ್ಲ ಕೊಳೆತು ಹೋಯ್ತು. ಅಗೆದರೆ ಬೆರಳಿಗೆ ಮೊಸರಿನ ಹಾಗೆ ಹತ್ತಿತು. ಎರಡನೇ ವರ್ಷ ಏಳೆಂಟು ಬಳ್ಳಿ ಹೂ ಬಿಟ್ಟವು. ನವೆಂಬರಲ್ಲಿ ಎಲೆ ಹಳದಿಯಾದಾಗ ಬಾಯಾರಿಕೆ ಅಂದುಕೊಂಡು ಸ್ಪ್ರಿಂಕ್ಲರ್ ತಿರುಗಿಸಿದೆ. ಅದು ಮಲಗುವ ಕಾಲ, ನೀರು ಕೊಟ್ಟು ನಾನೇ ಕೊಂದೆ. ಮೂರನೇ ವರ್ಷ ಗೆಡ್ಡೆಗಳನ್ನು ಬುಟ್ಟಿಗೆ ಸುರಿದು ತಂದದ್ದೇ ತಪ್ಪು. ನೇಗಿಲಿನ ಹಾಗೆ ಎರಡು ಕೈ ಇರುವ ಗೆಡ್ಡೆ ಅದು, ಮೊಳಕೆ ಇರುವುದು ತುದಿಯಲ್ಲಿ ಮಾತ್ರ. ತುದಿ ಮುರಿದ ಕೈ ಮತ್ತೆ ಚಿಗುರಲ್ಲ. ಅಲ್ಲಿಗೆ ಒಟ್ಟು ಏಳು ಸಾವಿರದಷ್ಟು ಹೋಗಿತ್ತು. ಮನೆಯಲ್ಲಿ ಬೈಸಿಕೊಂಡೆ.

ನಾಲ್ಕನೇ ವರ್ಷ ತೋಟ ಬಿಟ್ಟು ಧರೆಗೆ ಬಂದೆ. ಜಂಬಿಟ್ಟಿಗೆ ಮಣ್ಣು, ಎಷ್ಟು ಮಳೆ ಬಂದರೂ ನೀರು ನಿಲ್ಲಲ್ಲ. 30 ಗೆಡ್ಡೆಗಳನ್ನು ಎರಡು ಮೂರು ಇಂಚು ಆಳದಲ್ಲಿ ಮಲಗಿಸಿಟ್ಟು ಮೇಲೆ ದರಗು (ಒಣ ಎಲೆ) ಹಾಕಿದೆ, ಅಷ್ಟೇ. ಆಸರೆಗೆ ಬಿದಿರು ಗಳ ಹುಗಿದಿದ್ದೆ, ಪ್ರಯೋಜನ ಆಗಲಿಲ್ಲ. ಇದು ಹಬ್ಬುವುದು ಎಲೆಯ ತುದಿಯಿಂದ. ಆ ತುದಿ ಸುರುಳಿ ಸುತ್ತಿ ಹಿಡಿಯಲು ಪೆನ್ಸಿಲ್‌ಗಿಂತ ಸಣ್ಣ ಕಡ್ಡಿಯೇ ಬೇಕು. ಸಣ್ಣ ಒಣ ಕಡ್ಡಿ ಚುಚ್ಚಿದ ಮೇಲೆ ಸರಸರ ಹತ್ತಿತು. ಡಿಸೆಂಬರಿಂದ ಮೊದಲ ಮಳೆವರೆಗೆ ಒಂದು ತೊಟ್ಟು ನೀರು ಕೊಡಲಿಲ್ಲ. ಗೆಡ್ಡೆ ಕೀಳುವ ದಿನ ಹೇಗೆ ಗೊತ್ತು ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗೆಡ್ಡೆ ಕಡು ವಿಷ. ಮಕ್ಕಳ ಕೈಗೆ, ದನದ ಬಾಯಿಗೆ ಸಿಗದ ಜಾಗ ನೋಡಿಯೇ ನೆಡಿ.

ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆಯ ಹುಳು ಬಂದರೆ ಎರಡು ರಾತ್ರಿಯಲ್ಲಿ ಬಳ್ಳಿ ಬೋಳು. ಬೆಳಿಗ್ಗೆ ಸಂಜೆ ಕೈಯಲ್ಲೇ ಆರಿಸಿದೆ. ಚಿಟ್ಟೆ ಬರುವ ಗಿಡಕ್ಕೆ ಔಷಧಿ ಹೊಡೆಯೋಕೆ ಮನಸ್ಸು ಬರಲ್ಲ, ಅಲ್ವಾ?

ಇದರ ಶಲಾಕೆ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗದ ಕಡ್ಡಿ, ಬುಡದಲ್ಲೇ ಪಕ್ಕಕ್ಕೆ ಮುರಿದಿಟ್ಟ ಹಾಗೆ ಬಾಗಿರುತ್ತದೆ. ತನ್ನ ಪರಾಗ ತನಗೇ ಸುಲಭಕ್ಕೆ ಸಿಗಲ್ಲ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಬೆಳೆಯುವವರು ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ನಾನೂ 20 ಹೂವಿಗೆ ಬ್ರಷ್‌ನಲ್ಲಿ ಮುಟ್ಟಿಸಿದೆ, 15 ಕಾಯಿ ಕಟ್ಟಿತು. ಸುಮ್ನೆ ಬಿಟ್ಟ 20ರಲ್ಲಿ ಆರೇ ಕಾಯಿ. ಆಮೇಲೆ ಪಕ್ಕದಲ್ಲಿ ರಥ ಹೂವಿನ (ಗೋಪುರದ ಹಾಗೆ ಕೆಂಪು ಗೊಂಚಲು ಬಿಡುವ) ಗಿಡ ನೆಟ್ಟೆ. ದೊಡ್ಡ ಚಿಟ್ಟೆಗಳು ಬರತೊಡಗಿದವು. ಈ ವರ್ಷ ಸುಮ್ನೆ ಬಿಟ್ಟ 20ರಲ್ಲಿ ಹತ್ತು ಹನ್ನೊಂದು ಕಾಯಿ ಆಗಿವೆ. ರಥ ಹೂವಿನಿಂದಲೇ ಆಯ್ತು ಅನ್ನಲಾರೆ, ಈ ಸಲ ನಡುನಡುವೆ ಬಿಸಿಲೂ ಜಾಸ್ತಿ ಇತ್ತು.

ಒಂದು ಬೆಳಿಗ್ಗೆ ಮಳೆ ಬಿಟ್ಟಾಗ ಹೂವಿನ ಪಕ್ಕ ಕೂತಿದ್ದೆ. ಬಿಳಿ ಚಿಟ್ಟೆಯೊಂದು ಎಸಳಿನ ಬುಡಕ್ಕೆ ಸೊಂಡಿಲು ಹಾಕಿ ರೆಕ್ಕೆ ಬಡಿಯುತ್ತಿತ್ತು. ಬಡಿದಾಗೆಲ್ಲ ರೆಕ್ಕೆ ಕೇಸರಕ್ಕೆ ತಾಗುತ್ತಿತ್ತು. ಹಾರಿದಾಗ ನೋಡಿದರೆ ರೆಕ್ಕೆಯ ಅಡಿ ಹಳದಿ ಪುಡಿ! ಕಾಲಿನಿಂದ ಅಲ್ಲ, ರೆಕ್ಕೆಯಿಂದ ಪರಾಗ ಸಾಗಿಸುತ್ತಿತ್ತು. ನಾನು ಬ್ರಷ್ ಹಿಡಿದು ಮಾಡಿದ ಕೆಲಸವನ್ನೇ.

ಹೋದ ವರ್ಷದ ಬೀಜವನ್ನು ಮರಳಿನ ಟ್ರೇಗೆ ಹಾಕಿದ್ದೆ. ಮೂರು ತಿಂಗಳು ಏನೂ ಇಲ್ಲ. ಬೀಜ ನೆನೆಸುವ ರೀತಿ ಬದಲಿಸಿದ ಮೇಲೆ ನೂರಕ್ಕೆ ನಲವತ್ತರಷ್ಟು ಮೊಳೆತಿವೆ. ಆ ರೀತಿ ಇನ್ನೊಂದು ಸಲ ಗೆದ್ದರೆ ಹೇಳುತ್ತೇನೆ. ಸದ್ಯಕ್ಕೆ ಒಂದೊಂದೇ ಎಲೆ, ಕೆಳಗೆ ಬಟಾಣಿಯಷ್ಟು ಗೆಡ್ಡೆ. ಹೂವಿಗೆ ಇನ್ನೂ ಎರಡು ಮೂರು ಮಳೆಗಾಲ ಬೇಕು. ಕೆರೆ ಏರಿಯ ಆಚೆ ಧರೆಯಲ್ಲಿ ಜಾಗ ಈಗಲೇ ಗುರುತು ಮಾಡಿಟ್ಟಿದ್ದೇನೆ.