ಹನ್ನೆರಡು ತಾಸು ಕೂತರೂ ಓದು ತಲೆಗೆ ಹತ್ತದಿದ್ದರೆ: ಕೆಎಎಸ್ ತಯಾರಿಯಲ್ಲಿರುವವರಿಗೆ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ, ಅಂದರೆ ಕರ್ನಾಟಕ ಆಡಳಿತ ಸೇವೆಯ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ನಾನು ಬೆಳಗ್ಗೆ ಆರಕ್ಕೆ ರೀಡಿಂಗ್ ರೂಮಿಗೆ ಹೋದರೆ ರಾತ್ರಿ ಒಂಬತ್ತಕ್ಕೆ ಹೊರಗೆ ಬರುತ್ತಿದ್ದೆ. ನಡುವೆ ಖಾನಾವಳಿಯ ಊಟ, ಎರಡು ಮೂರು ಸಲ ಚಹಾ. ಊರಿಂದ ಅವ್ವ ಫೋನ್ ಮಾಡಿ "ಓದು ಹೆಂಗ ನಡದೈತಿ?" ಅಂತ ಕೇಳಿದರೆ ದಿನಾ ಹನ್ನೆರಡು ತಾಸು ಓದ್ತೀನಿ ಅನ್ನುತ್ತಿದ್ದೆ. ಅದು ನಿಜವಲ್ಲ ಅಂತ ನನಗೇ ಗೊತ್ತಿರಲಿಲ್ಲ. ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪರೀಕ್ಷೆಯ ಫಲಿತಾಂಶ ಬಂತು, ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಅಷ್ಟು ದಿನ ಅಷ್ಟು ಹೊತ್ತು ಕೂತಿದ್ದೆನಲ್ಲ, ಆ ಓದೆಲ್ಲ ಎಲ್ಲಿ ಹೋಯಿತು ಅಂತ ಎಷ್ಟು ಯೋಚಿಸಿದರೂ ಅರ್ಥವಾಗಲಿಲ್ಲ.

ಈಗ ಸಪ್ತಾಪುರದಲ್ಲೋ, ಬೆಂಗಳೂರಿನ ವಿಜಯನಗರದಲ್ಲೋ ಹೀಗೇ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ರೂಮಿನ ಬಾಡಿಗೆ ಊರಲ್ಲಿ ಯಾರೋ ದುಡಿದ ದುಡ್ಡು. ವರ್ಷಗಳೂ ಹೋಗುತ್ತಿರುತ್ತವೆ. ನೀವು ಸೋಮಾರಿಗಳಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಸೋಮಾರಿಗಳು ಆರಕ್ಕೆ ಎದ್ದು ಬಂದು ಸೀಟು ಹಿಡಿಯೋದಿಲ್ಲ.

ಮೊದಲು ಮೂರು ದಿನದ ಲೆಕ್ಕ

ಒಂದು ಸಣ್ಣ ನೋಟ್‌ಬುಕ್ ತಗೊಳ್ಳಿ. ಅರ್ಧ ತಾಸಿಗೊಮ್ಮೆ, ಆ ಅರ್ಧ ತಾಸಲ್ಲಿ ಏನು ಮಾಡಿದಿರಿ ಅಂತ ಒಂದೇ ಸಾಲು ಬರೆಯಿರಿ. ಏನನ್ನೂ ಬದಲಾಯಿಸಬೇಡಿ, ಸುಮ್ನೆ ಬರೆಯಿರಿ. ನನ್ನ ಮೊದಲ ದಿನದ ಲೆಕ್ಕ ಹೀಗಿತ್ತು: ಟೆಲಿಗ್ರಾಂನಿಂದ ಪಿಡಿಎಫ್ ಇಳಿಸಿ ಫೋಲ್ಡರ್ ಮಾಡಿದ್ದು ಒಂದು ತಾಸು, ಹೋದ ಸಲದ ಟಾಪರ್ ಯಾವ ಪುಸ್ತಕ ಓದಿದ್ದರು ಅನ್ನೋ ವಿಡಿಯೋ ಮುಕ್ಕಾಲು ತಾಸು, ಪುಸ್ತಕದಲ್ಲಿ ಇದ್ದದ್ದನ್ನೇ ಮೂರು ಬಣ್ಣದ ಪೆನ್ನಲ್ಲಿ ನೋಟ್ಸ್‌ಗೆ ಇಳಿಸಿದ್ದು ಮೂರು ತಾಸು, ನೋಟಿಫಿಕೇಶನ್ ಯಾವಾಗ ಬರುತ್ತೆ, ಕಟ್ ಆಫ್ ಎಷ್ಟಕ್ಕೆ ನಿಲ್ಲುತ್ತೆ ಅಂತ ಚಹಾದಂಗಡಿ ಮುಂದೆ ಮಾತಾಡಿದ್ದು ಒಂದೂವರೆ ತಾಸು. ಇವೆಲ್ಲ ಓದಿನ ಕೆಲಸಗಳ ಹಾಗೇ ಕಾಣುತ್ತವೆ, ಅಲ್ವಾ? ಸಂಜೆಗೆ ಮೈಯೂ ದಣಿದಿರುತ್ತದೆ.

ಮೂರನೇ ದಿನ ರಾತ್ರಿ ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಹಾಕಿ: ಈ ಅರ್ಧ ತಾಸು ಶುರುವಾದಾಗ ನನಗೆ ಉತ್ತರ ಬರದಿದ್ದ ಯಾವ ಪ್ರಶ್ನೆಗೆ ಈಗ ಉತ್ತರ ಬರುತ್ತದೆ? ಬರುವುದಾದರೆ ಸರಿ ಗುರುತು ಹಾಕಿ. ನನಗೆ ಮೂರು ತಾಸಿನಷ್ಟೂ ಸರಿ ಗುರುತು ಸಿಗಲಿಲ್ಲ.

ಓದಿದಾಗ ಬಂದಂತೆ ಅನಿಸುವುದು

ಒಂದು ಉದಾಹರಣೆ. ಸಂವಿಧಾನದ 371-ಜೆ ವಿಧಿ, ಅಂದರೆ ಹೈದರಾಬಾದ್ ಕರ್ನಾಟಕಕ್ಕೆ ಸಿಕ್ಕ ವಿಶೇಷ ಸ್ಥಾನಮಾನ. ನಾನು ಅದನ್ನು ಹತ್ತು ಸಲವಾದರೂ ಓದಿದ್ದೆ, ಗೆರೆ ಎಳೆದಿದ್ದೆ, ನೋಟ್ಸ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಆಮೇಲೆ ಒಂದು ದಿನ ಪುಸ್ತಕ ಮುಚ್ಚಿ ಕೇಳಿಕೊಂಡೆ: ಎಷ್ಟನೇ ತಿದ್ದುಪಡಿ, 97 ಅಥವಾ 98? ಗೊತ್ತಾಗಲಿಲ್ಲ. 98ನೆಯದು, 2012ರ ಕಾಯ್ದೆ. 97ನೆಯದು ಸಹಕಾರ ಸಂಘಗಳದ್ದು. ಪುಟ ತೆರೆದಿದ್ದಾಗ ಎರಡೂ ಪರಿಚಯದ ಮುಖಗಳೇ. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆಗಳಲ್ಲಿ ಎರಡೂ ಪಕ್ಕಪಕ್ಕ ಬಂದು ನಿಂತಾಗ ಪರಿಚಯ ಸಾಲದು.

ಈ ವಿಷಯದಲ್ಲಿ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಮಾತ್ರ ಓದಿ, ಉಳಿದ ಮೂರು ಸರದಿ ಪಾಠ ನೋಡದೆ ನೆನಪಾದದ್ದನ್ನು ಬರೆಯಿತು. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಓದಿ ಓದಿ ಕೂತವರಿಗೆ ಶೇ. 40ರಷ್ಟು ನೆನಪಿತ್ತು, ನೋಡದೆ ಬರೆದವರಿಗೆ ಶೇ. 61ರಷ್ಟು. ಆದರೆ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ್ದು ಅದೇ ಪ್ರಯೋಗದ ಇನ್ನೊಂದು ಅಂಕಿ. ಓದು ಮುಗಿದ ಐದೇ ನಿಮಿಷಕ್ಕೆ ಪರೀಕ್ಷೆ ಮಾಡಿದಾಗ ಮುಂದಿದ್ದವರು ಓದಿ ಓದಿ ಕೂತವರೇ! ನಮ್ಮ ಸಂಜೆಯ ಸಮಾಧಾನ ಎಲ್ಲಿಂದ ಬರುತ್ತದೆ ಅಂತ ನನಗೆ ಆಗ ತಿಳಿಯಿತು. ಅದು ಐದು ನಿಮಿಷದ ನೆನಪು. ನಮ್ಮ ಪರೀಕ್ಷೆ ಇರುವುದು ತಿಂಗಳುಗಳ ಆಚೆ.

ಹಾಗಾಗಿ ಮಾಡಬೇಕಾದ್ದು ಇದು. ಒಂದು ಅಧ್ಯಾಯ ಓದಿ, ಗೆರೆ ಎಳೆಯದೆ, ಪೆನ್ನು ಹಿಡಿಯದೆ. ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ನೆನಪಿದ್ದದ್ದನ್ನೆಲ್ಲ ಬರೆಯಿರಿ. ಈಗ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಲ್ಲಿ ಸೇರಿಸಿ. ಆ ಹಾಳೆಯೇ ನಿಮ್ಮ ನೋಟ್ಸ್, ಬೇರೆ ನೋಟ್ಸ್ ಬೇಡ. ಮಾರನೇ ದಿನ ಬೇರೆ ಬಣ್ಣದಲ್ಲಿರುವ ಸಾಲುಗಳನ್ನಷ್ಟೇ ಕೇಳಿಕೊಳ್ಳಿ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಮೊದಲ ವಾರ ತುಂಬಾ ಕಷ್ಟವಾಗುತ್ತದೆ. ಅರ್ಧ ಪುಟವೂ ತುಂಬುವುದಿಲ್ಲ, ನನಗೆ ಏನೂ ಬರೋದೇ ಇಲ್ಲ ಅನಿಸಿ ಅಳು ಬರುತ್ತದೆ. ದಯವಿಟ್ಟು ಅಲ್ಲಿ ಬಿಡಬೇಡಿ. ನೆನಪಿಗೆ ಬಾರದ್ದನ್ನು ಎಳೆದು ತರೋದಕ್ಕೆ ಆಗುವ ಆ ಒದ್ದಾಟವೇ ಓದು.

ಯಾವುದಕ್ಕೆ ಎಷ್ಟು ಹೊತ್ತು

ಇದನ್ನು ಪ್ರಶ್ನೆಪತ್ರಿಕೆ ಹೇಳಲಿ, ನಿಮ್ಮ ಇಷ್ಟಾನಿಷ್ಟ ಬೇಡ. ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಎರಡು ಪತ್ರಿಕೆ, ತಲಾ 100 ಪ್ರಶ್ನೆ, 200 ಅಂಕ, ಎರಡು ತಾಸು. ಎರಡನೇ ಪತ್ರಿಕೆಯಲ್ಲಿ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳೇ 30 ಇರುತ್ತವೆ. ಕಲಾ ವಿಭಾಗದಿಂದ ಬಂದವರು, ನನ್ನನ್ನೂ ಸೇರಿಸಿ, ಅದನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತೇವೆ. ಇತಿಹಾಸ ಓದಲು ಖುಷಿ, ಅದಕ್ಕೇ ಐಹೊಳೆ ಶಾಸನವನ್ನು ನಾಲ್ಕನೇ ಸಲ ಓದುತ್ತೇವೆ. ಬರುವುದನ್ನೇ ಮತ್ತೆ ಓದಿದರೆ ದಿನ ತುಂಬುತ್ತದೆ, ಅಂಕ ಒಂದೂ ಏರುವುದಿಲ್ಲ. ಹಳೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಯಾವ ಭಾಗದಲ್ಲಿ ಅಂಕ ಜಾಸ್ತಿ ಬಿಟ್ಟಿದ್ದೀರಿ ನೋಡಿ. ಬೆಳಗಿನ ಮೊದಲ ಎರಡು ತಾಸು, ತಲೆ ಚುರುಕಾಗಿರುವ ಹೊತ್ತು, ಆ ಭಾಗಕ್ಕೆ. ಇಷ್ಟದ ವಿಷಯ ಊಟದ ನಂತರಕ್ಕೆ ಇರಲಿ, ಅದು ನಿದ್ದೆಯನ್ನೂ ಓಡಿಸುತ್ತದೆ.

ಪ್ರಚಲಿತ ವಿದ್ಯಮಾನಕ್ಕೆ ಒಂದು ದಿನಪತ್ರಿಕೆ, ಒಂದು ಮಾಸಿಕ, ಗಡಿಯಾರ ನೋಡಿಕೊಂಡು ಮುಕ್ಕಾಲು ತಾಸು. ಅದೇ ಸುದ್ದಿಯನ್ನು ಐದು ಚಾನೆಲ್‌ನಲ್ಲಿ ಕೇಳುವ ಅಗತ್ಯ ಇಲ್ಲ. ಟೆಲಿಗ್ರಾಂ ಗ್ರೂಪ್‌ಗಳಲ್ಲಿ ಒಂದನ್ನು ಇಟ್ಟುಕೊಂಡು ಮಿಕ್ಕದ್ದೆಲ್ಲ ಬಿಡಿ.

ಫೋನ್ ರೂಮಿನಲ್ಲೇ ಇರಲಿ. ಬ್ಯಾಗಿನಲ್ಲಿ ಸೈಲೆಂಟ್ ಮಾಡಿ ಇಟ್ಟರೂ ಕೈ ಅಲ್ಲಿಗೇ ಹೋಗುತ್ತದೆ, ನಾನು ಎರಡೂ ಮಾಡಿ ನೋಡಿದ್ದೇನೆ. ಮನೆಯವರಿಗೆ ರಾತ್ರಿ ಒಂಬತ್ತರ ನಂತರ ಫೋನ್ ಮಾಡಿ ಅಂತ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಭಾನುವಾರದ ಪರೀಕ್ಷೆ, ತಪ್ಪುಗಳ ಪುಸ್ತಕ

ವಾರಕ್ಕೊಮ್ಮೆ ಒಂದು ಪೂರ್ತಿ ಪತ್ರಿಕೆ, ಎರಡು ತಾಸು, ನಡುವೆ ಏಳದೆ, ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುತ್ತಾ. ನೂರು ಪ್ರಶ್ನೆಗೆ 120 ನಿಮಿಷ ಅಂದರೆ ಒಂದಕ್ಕೆ 72 ಸೆಕೆಂಡ್, ವೃತ್ತ ತುಂಬುವ ಹೊತ್ತೂ ಅದರಲ್ಲೇ. ಮನೆಯಲ್ಲಿ ಆರಾಮಾಗಿ ಬಿಡಿಸಿದ ಪತ್ರಿಕೆ ಇದನ್ನು ಕಲಿಸುವುದಿಲ್ಲ.

ಅಂಕ ನೋಡಿ ಸುಮ್ಮನಾಗಬೇಡಿ, ನಿಜವಾದ ಕೆಲಸ ಈಗ ಶುರು. ತಪ್ಪಾದ ಪ್ರತಿ ಪ್ರಶ್ನೆಯನ್ನು ಒಂದು ಪುಸ್ತಕದಲ್ಲಿ ಬರೆದು, ಯಾಕೆ ತಪ್ಪಾಯಿತು ಅಂತ ಪಕ್ಕದಲ್ಲಿ ಬರೆಯಿರಿ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ. ವಿಷಯವೇ ಗೊತ್ತಿರಲಿಲ್ಲ, ಅಂಥದ್ದಕ್ಕೆ ಆ ಅಧ್ಯಾಯ ಓದಬೇಕು. ಓದಿದ್ದೆ ಆದರೆ ನೆನಪಾಗಲಿಲ್ಲ, ಅಂಥದ್ದಕ್ಕೆ ಮತ್ತೆ ಓದುವುದು ಬೇಡ, ಖಾಲಿ ಹಾಳೆಯೇ ಮದ್ದು. ಮೂರನೆಯದು, ಗೊತ್ತಿದ್ದೂ "ಸರಿಯಲ್ಲದ ಹೇಳಿಕೆ ಯಾವುದು" ಅನ್ನೋದನ್ನು "ಸರಿಯಾದ ಹೇಳಿಕೆ" ಅಂತ ಓದಿಕೊಂಡದ್ದು. ನನ್ನ ಪುಸ್ತಕದಲ್ಲಿ ಈ ಮೂರನೆಯದೇ ಪುಟಗಟ್ಟಲೆ ಇತ್ತು, ಇನ್ನೂ ನಾಲ್ಕು ತಾಸು ಜಾಸ್ತಿ ಓದಿದ್ದರೂ ಅದು ಸರಿಹೋಗುತ್ತಿರಲಿಲ್ಲ. ಪ್ರಶ್ನೆಯಲ್ಲಿ "ಅಲ್ಲ", "ಮಾತ್ರ" ಅನ್ನೋ ಪದ ಕಂಡರೆ ಪೆನ್ನಲ್ಲಿ ಸುತ್ತು ಹಾಕುವ ಅಭ್ಯಾಸ ಮಾಡಿಕೊಂಡೆ. ಊಹೆಯಿಂದ ತಪ್ಪಾದವುಗಳನ್ನೂ ಬೇರೆ ಎಣಿಸಿ, ಯಾಕೆಂದರೆ ನಾಲ್ಕು ತಪ್ಪು ಉತ್ತರ ಒಂದು ಸರಿ ಉತ್ತರದ ಅಂಕವನ್ನು ತಿಂದುಹಾಕುತ್ತದೆ.

ಕೆಲಸಕ್ಕೆ ಹೋಗಿಕೊಂಡು ಓದುವವರಿಗೆ, ಮದುವೆಯಾಗಿ ಮನೆ, ಮಗು, ಹೊಲ ಎಲ್ಲ ನೋಡಿಕೊಂಡು ರಾತ್ರಿ ಪುಸ್ತಕ ಹಿಡಿಯುವ ಅಕ್ಕಂದಿರಿಗೆ ಒಂದು ಮಾತು. ನಿಮಗೆ ದಿನಕ್ಕೆ ಎರಡೇ ತಾಸು ಸಿಗಬಹುದು. ಅದರಲ್ಲಿ ಮುಕ್ಕಾಲು ತಾಸು ಓದಿ, ಮುಕ್ಕಾಲು ತಾಸು ಖಾಲಿ ಹಾಳೆ, ಅರ್ಧ ತಾಸು ಹಳೇ ಪ್ರಶ್ನೆಗಳು. ರೊಟ್ಟಿ ತಟ್ಟುವಾಗ, ಬಸ್ಸಿನಲ್ಲಿ ನಿಂತಾಗ ನಿನ್ನೆಯ ಹಾಳೆಯನ್ನು ಮನಸ್ಸಲ್ಲೇ ಹೇಳಿಕೊಳ್ಳಿ. ಅದಕ್ಕೆ ಪುಸ್ತಕವೂ ಬೇಡ, ಸೀಟೂ ಬೇಡ. ಹನ್ನೆರಡು ತಾಸು ಕೂತವರನ್ನು ನೋಡಿ ಹೆದರಬೇಡಿ. ಆ ಹನ್ನೆರಡು ತಾಸಿನೊಳಗೆ ಏನಿರುತ್ತದೆ ಅಂತ ನಾನು ಲೆಕ್ಕ ಬರೆದು ನೋಡಿದ್ದೇನೆ.

ಪೂರ್ತಿ ದಿನ ಇರುವವರಿಗೂ ಹೀಗೆ ಓದಿದರೆ ಆರೇಳು ತಾಸಿಗೆ ತಲೆ ಸಾಕು ಅನ್ನುತ್ತದೆ. ಸಂಜೆ ಐದಕ್ಕೇ ನೀವು ಪುಸ್ತಕ ಎತ್ತಿಟ್ಟರೆ ಪಕ್ಕದ ಸೀಟಿನವರು ತಲೆ ಎತ್ತಿ ನೋಡುತ್ತಾರೆ, ನಿಮಗೂ ಅಳುಕಾಗುತ್ತದೆ. ಆದರೂ ಏಳಿ. ಕರ್ನಾಟಕ ಕಾಲೇಜಿನ ಕಡೆ ಒಂದು ಸುತ್ತು ನಡೆದು ಬನ್ನಿ, ಊಟ ಮಾಡಿ. ಮಲಗುವ ಮುಂಚೆ ನಾಳೆ ಬೆಳಗ್ಗೆ ಪುಸ್ತಕ ತೆರೆಯದೆ ಉತ್ತರಿಸಬೇಕಾದ ಮೂರು ಪ್ರಶ್ನೆ ಒಂದು ಚೀಟಿಯಲ್ಲಿ ಬರೆದು ದಿಂಬಿನ ಪಕ್ಕ ಇಡಿ.