ಕೊನೆಯಿಂದ ಆರಂಭಿಸುವ ಪಾಠಯೋಜನೆ

ಪಾಠಯೋಜನೆ ಬರೆಯಲು ಕುಳಿತಾಗ ಶಿಕ್ಷಕರು ಸಾಮಾನ್ಯವಾಗಿ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು, ಯಾವ ಭಾಗವನ್ನು ಯಾವ ಅವಧಿಯಲ್ಲಿ ಮುಗಿಸಬೇಕೆಂದು ಲೆಕ್ಕ ಹಾಕುತ್ತಾರೆ. ಪರೀಕ್ಷೆಯ ಪ್ರಶ್ನೆಗಳ ಯೋಚನೆ ಘಟಕ ಮುಗಿದ ಮೇಲೆ ಬರುತ್ತದೆ. ಹಿಮ್ಮುಖ ವಿನ್ಯಾಸದಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. 1998ರಲ್ಲಿ ಅಮೆರಿಕದ ಶಿಕ್ಷಣತಜ್ಞರಾದ ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮೆಕ್‌ಟೈ ವಿವರಿಸಿದ ಈ ವಿಧಾನದಲ್ಲಿ ಮೊದಲು ಕಲಿಕೆಯ ಗುರಿ, ಅನಂತರ ಗುರಿ ತಲುಪಿದ್ದಕ್ಕೆ ಪುರಾವೆ, ಕೊನೆಗೆ ಬೋಧನೆಯ ಯೋಜನೆ ಸಿದ್ಧವಾಗುತ್ತವೆ.

ಪ್ರತಿಯೊಂದು ಅವಧಿಗೂ ಇದನ್ನು ಮಾಡಲು ಹೊರಟರೆ ಬೇಸರವೇ ಹೆಚ್ಚು, ಆದ್ದರಿಂದ ಒಂದು ಪೂರ್ಣ ಘಟಕವನ್ನು ಆರಿಸಿಕೊಳ್ಳಿ. ಗುರಿಯನ್ನು ಬರೆಯುವಾಗ ಘಟಕದ ಶೀರ್ಷಿಕೆಯನ್ನೇ ನಕಲು ಮಾಡಬೇಡಿ. ‘ಭಿನ್ನರಾಶಿಗಳ ಹೋಲಿಕೆ’ ಎಂಬುದು ವಿಷಯವೇ ಹೊರತು ಗುರಿಯಲ್ಲ. ‘ಅಂಶ ಒಂದೇ ಆಗಿದ್ದಾಗ ಛೇದ ಹೆಚ್ಚಿದಷ್ಟೂ ಬೆಲೆ ಏಕೆ ಕಡಿಮೆಯಾಗುತ್ತದೆ ಎಂಬುದನ್ನು ವಿದ್ಯಾರ್ಥಿಯು ಕಾರಣಸಹಿತ ವಿವರಿಸುತ್ತಾನೆ ಅಥವಾ ವಿವರಿಸುತ್ತಾಳೆ’ ಎಂಬುದು ಗುರಿ.

ನನ್ನ ಅನುಭವದಲ್ಲಿ ಹೆಚ್ಚಿನ ಸಮಯ ಬೇಡುವುದು ಎರಡನೆಯ ಹಂತ, ಅಂದರೆ ಪುರಾವೆಯನ್ನು ನಿರ್ಧರಿಸುವುದು, ಮತ್ತು ಆ ಸಮಯವನ್ನು ಕೊಡಲೇಬೇಕು. 3/5 ಮತ್ತು 5/8ರಲ್ಲಿ ಯಾವುದು ದೊಡ್ಡದೆಂದು ಕೇಳಿದರೆ, ಓರೆಗುಣಾಕಾರ ಮಾಡಿ 24 ಮತ್ತು 25ನ್ನು ಹೋಲಿಸಿ ಸರಿಯುತ್ತರ ಕೊಡುವ ವಿದ್ಯಾರ್ಥಿಗೆ ಭಿನ್ನರಾಶಿಯ ಅರ್ಥವೇ ತಿಳಿದಿಲ್ಲದಿರಬಹುದು. ಅದರ ಬದಲು 4/9 ಮತ್ತು 5/8ನ್ನು ಕೊಟ್ಟು, ಗುಣಾಕಾರ ಮಾಡದೆ ಉತ್ತರಿಸಿ ಕಾರಣ ಬರೆಯಲು ಹೇಳಿ: ಮೊದಲನೆಯದು ಅರ್ಧಕ್ಕಿಂತ ಕಡಿಮೆ, ಎರಡನೆಯದು ಅರ್ಧಕ್ಕಿಂತ ಹೆಚ್ಚು ಎಂದು ಗುರುತಿಸುವವರಿಗೆ ಸಂಖ್ಯೆಯ ಗಾತ್ರದ ಅಂದಾಜು ಇದೆ. ‘8 ಎಂಬುದು 6ಕ್ಕಿಂತ ದೊಡ್ಡದು, ಆದ್ದರಿಂದ 1/8 ಎಂಬುದು 1/6ಕ್ಕಿಂತ ದೊಡ್ಡದು’ ಎಂದು ವಾದಿಸುವ ಸಹಪಾಠಿಗೆ ಉತ್ತರ ಬರೆಯಿಸುವುದು ಇನ್ನೂ ಒಳ್ಳೆಯದು, ಏಕೆಂದರೆ ಅಲ್ಲಿ ಕಂಠಪಾಠ ಕೆಲಸಕ್ಕೆ ಬರುವುದಿಲ್ಲ.

ಇಂಥ ಪ್ರತಿ ಪ್ರಶ್ನೆಯನ್ನೂ ಎರಡು ರೀತಿಯಲ್ಲಿ ಪರೀಕ್ಷಿಸಿ. ವಿಷಯ ಅರ್ಥವಾಗದಿದ್ದರೂ ಇದಕ್ಕೆ ಪೂರ್ಣ ಅಂಕ ಪಡೆಯಲು ಸಾಧ್ಯವೇ? ಅರ್ಥವಾಗಿದ್ದರೂ ಬರವಣಿಗೆಯ ತೊಡಕಿನಂಥ ಬೇರೆ ಕಾರಣಕ್ಕೆ ಅಂಕ ಕಳೆದುಕೊಳ್ಳುವ ಸಂಭವವಿದೆಯೇ? ಒಂದಕ್ಕಾದರೂ ಉತ್ತರ ‘ಹೌದು’ ಎಂದಾದರೆ ಪ್ರಶ್ನೆಯನ್ನು ತಿದ್ದಿ. ಎರಡನೆಯ ತೊಂದರೆಗೆ ಮೌಖಿಕ ಉತ್ತರಕ್ಕೂ ಅವಕಾಶ ಕೊಡುವುದು ಬಹುಮಟ್ಟಿಗೆ ಸಾಕು. ಅಂಕ ಕೊಡುವ ಮಾನದಂಡವನ್ನು ಆಗಲೇ ಬರೆದಿಡಿ.

ಇಷ್ಟಾದ ಮೇಲೆ ಮೂರನೆಯ ಹಂತ ಬೇಗ ಸಾಗುತ್ತದೆ. ಪ್ರತಿ ಚಟುವಟಿಕೆಯ ಎದುರು, ಅದು ಯಾವ ಪುರಾವೆಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುತ್ತದೆ ಎಂದು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ, ಮಕ್ಕಳಿಗೆ ಅದು ಎಷ್ಟೇ ಪ್ರಿಯವಾಗಿದ್ದರೂ ಈ ಘಟಕದಿಂದ ಕೈಬಿಡಿ. ವೃತ್ತಗಳಿಗೆ ಬಣ್ಣ ತುಂಬಿಸುವ ಚಟುವಟಿಕೆಗಳು ಹೆಚ್ಚಾಗಿ ಇಲ್ಲಿಯೇ ಉದುರುತ್ತವೆ. ಪಠ್ಯಪುಸ್ತಕದ ಲೆಕ್ಕಗಳನ್ನೂ ಹೀಗೆಯೇ ಆಯ್ದುಕೊಳ್ಳಿ. ಘಟಕದ ನಡುವೆ ಒಂದು ಸಣ್ಣ ಪ್ರಶ್ನೆಯಿಂದ ತಿಳಿವಳಿಕೆಯನ್ನು ಪರೀಕ್ಷಿಸಿ, ಅದರ ಮರುದಿನದ ಅವಧಿಯನ್ನು ಯೋಜನೆಯಲ್ಲಿ ಖಾಲಿ ಬಿಡಿ. ಆ ಅವಧಿಯಲ್ಲಿ ಏನನ್ನು ಕಲಿಸಬೇಕೆಂಬುದನ್ನು ವಿದ್ಯಾರ್ಥಿಗಳ ಉತ್ತರಗಳನ್ನು ಓದಿದ ಮೇಲೆಯೇ ತೀರ್ಮಾನಿಸಿ.