ತೋಟದ ಡಿಜೆ ಪಾರ್ಟಿಗೆ ಬೇಸ್ ಕೂರಿಸುವುದು

1988ರ ಹೊತ್ತಿಗೆ ಬ್ರಿಟನ್ನಿನ ಖಾಲಿ ಗೋದಾಮುಗಳಲ್ಲಿ ಹಬ್ಬಿದ ರೇವ್ ಎಂಬ ಡಿಜೆ ಕುಣಿತದ ಪಾರ್ಟಿ ಬೆಳಗಾಗುವ ತನಕ ನಡೆಯುತ್ತಿತ್ತು. 1994ರಲ್ಲಿ ಅಲ್ಲಿನ ಕಾನೂನೇ ಅದರ ಬೆನ್ನು ಹತ್ತಿತು. ನಮ್ಮಲ್ಲಿ ಬಯಲಿನ ಧ್ವನಿವರ್ಧಕಕ್ಕೆ ರಾತ್ರಿ 10ರ ಗಡಿ. ಹಾಗಾಗಿ ಶ್ರೀರಂಗಪಟ್ಟಣದ ಕಡೆ ತೋಟ ಹಿಡಿದರೆ ಸಂಜೆ 5ಕ್ಕೇ ಶುರು ಮಾಡಿ. ಪೊಲೀಸ್ ಅನುಮತಿ ಬರಹದಲ್ಲೇ ಇರಲಿ.

ನೂರು ಜನಕ್ಕೆ 18 ಇಂಚಿನ ಎರಡು ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ಸದ್ದು ಕೊಡುವ ಸ್ಪೀಕರ್; ಚಿಕ್ಕದಾಗಿ ಸಬ್), ಎರಡು ಟಾಪ್ (ಉಳಿದ ಸದ್ದಿನ ಸ್ಪೀಕರ್) ಸಾಕು. ಎಲ್ಲರೂ ಮಾಡುವ ತಪ್ಪು, ಸಬ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಇಡುವುದು. ಎರಡರ ಅಲೆಗಳು ಅಲ್ಲಲ್ಲಿ ಒಂದನ್ನೊಂದು ಅಳಿಸಿ, ಅಲ್ಲಿ ನಿಂತವನಿಗೆ ಬೇಸೇ ಕೇಳಿಸದು. ಎರಡನ್ನೂ ನಡುವೆ, ನೆಲದ ಮೇಲೆ, ಒಂದಕ್ಕೊಂದು ಒತ್ತಿ ಇಡಿ. ಟಾಪ್‌ಗಳು ಸ್ಟ್ಯಾಂಡಿನ ಮೇಲೆ ತಲೆಗಿಂತ ಎತ್ತರದಲ್ಲಿರಲಿ, ಕ್ರಾಸ್‌ಓವರ್, ಅಂದರೆ ಸಬ್ ಮತ್ತು ಟಾಪ್ ಸದ್ದು ಹಂಚಿಕೊಳ್ಳುವ ಗಡಿ, 100 ಹರ್ಟ್ಜ್ ಆಸುಪಾಸು. ಆಮೇಲೆ ಬರೀ ಕಿಕ್ ಡ್ರಮ್ (ಧಂ ಧಂ ಅನ್ನುವ ದೊಡ್ಡ ಡ್ರಮ್) ಹಾಕಿ, ಸಬ್‌ನ ಪೊಲಾರಿಟಿ ಬಟನ್ (ಅಲೆಯನ್ನು ತಿರುವುಮುರುವು ಮಾಡುವ ಬಟನ್) ಎರಡೂ ಕಡೆ ಒತ್ತಿ ನೋಡಿ. ಯಾವುದರಲ್ಲಿ ಎದೆಗೆ ಗುದ್ದಿದಂತಾಗುತ್ತದೋ ಅದೇ ಸರಿ.

ಟಾಪ್‌ಗಳ ಮುಖ ಊರಿಗಲ್ಲ, ಗದ್ದೆ ಕಡೆಗೆ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಬೇಸ್ ಮಾತ್ರ ಹಿಂದಕ್ಕೂ ಹೋಗುತ್ತದೆ, ಕಬ್ಬಿನ ಬೆಳೆ ಅದನ್ನು ತಡೆಯುತ್ತದೆಂದು ನಂಬಬೇಡಿ.

ಡಿಜೆ ಮಿಕ್ಸರಿನ ಮೀಟರ್ ಕೆಂಪು ಮುಟ್ಟಬಾರದು. ಅಲ್ಲಿ ಒಡೆದ ಸದ್ದನ್ನು ಆಂಪ್ಲಿಫೈಯರ್ ತಗ್ಗಿಸಿದರೂ ಸರಿಮಾಡಲಾಗದು, ಟಾಪ್‌ನೊಳಗಿನ ಟ್ವೀಟರ್ (ಕೀಚು ಸದ್ದಿನ ಪುಟ್ಟ ಸ್ಪೀಕರ್) ಸುಟ್ಟೀತು. ಸ್ಪೀಕರ್ ಗುಂಯ್ ಅನ್ನುತ್ತಿದ್ದರೆ ಲ್ಯಾಪ್‌ಟಾಪ್, ಮಿಕ್ಸರ್, ಆಂಪ್ಲಿಫೈಯರ್ ಮೂರಕ್ಕೂ ಜನರೇಟರಿನ ಒಂದೇ ಲೈನಿನಿಂದ ಕರೆಂಟ್ ಕೊಡಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಉಪಾಯ ಬೇಡವೇ ಬೇಡ: ಒದ್ದೆ ತೋಟದಲ್ಲಿ ಅದು ಜೀವ ತೆಗೆಯುತ್ತದೆ.